ಸಿಂಧೂರ ಬಳಿದ ಬೋಲ್ಟು

ಮೋಟಾರು ಕೊಂಡವರು ಬಸವಂತರಾಯರು. ಆದರೆ ಅಫಜಲಪುರದಲ್ಲಿ ಅದನ್ನು ಎಲ್ಲರೂ ಡ್ರೈವರ್ ಅಂಬಾರಾಯನ ಮೋಟಾರು ಎಂದೇ ಕರೆಯುತ್ತಿದ್ದರು. ಪ್ರತಿ ಅಮಾವಾಸ್ಯೆಗೆ ಅವನು ಬಾನೆಟ್ ಎತ್ತಿ, ಎಂಜಿನ್ನಿನ ಹಿಂದಿನ ತಗಡಿಗೆ ಬಿಗಿದ ದಪ್ಪ ಬೋಲ್ಟಿಗೆ ಎಣ್ಣೆ ಕಲಸಿದ ಸಿಂಧೂರ ಬಳಿದು ಕಾಯಿ ಒಡೆಯುತ್ತಿದ್ದ. ಎಂಟು ವರ್ಷದ ಸಿಂಧೂರ ಕೂತು ಕೂತು ಬೋಲ್ಟು ಬೆಲ್ಲದ ಅಚ್ಚಿನಷ್ಟು ಉಬ್ಬಿತ್ತು. ಗಾಡಿ ಒಂದು ದಿನವೂ ಕೈಕೊಟ್ಟಿರಲಿಲ್ಲ. ಇನ್ನು ನಗುವವರು ಯಾವ ಬಾಯಿಂದ ನಗಬೇಕು?

ಮಹಾಯುದ್ಧ ಮುಗಿದ ಮರುವರ್ಷ ಭೀಮಾ ಹೊಳೆ ಉಕ್ಕಿ, ತಂತಿಕಂಬಗಳು ಉರುಳಿದವು. ಮಾತು ಕೇಳಿಸುವುದಕ್ಕೂ ಕಳಿಸುವುದಕ್ಕೂ ಆಗುವ ಎರಡು ವಾಯರ್‌ಲೆಸ್ ಪೆಟ್ಟಿಗೆಗಳನ್ನು ತಹಸೀಲ್ದಾರರು ತರಿಸಿದರು. ಫೌಜಿನಲ್ಲಿ ವಾಯರ್‌ಲೆಸ್ ಕಲಿತಿದ್ದ ಆಳಂದದ ಬುರಾನುದ್ದೀನ, ದಾರಿ ನೀರಿಗೆ ಮುಚ್ಚುವ ಮೊದಲೇ ಒಂದನ್ನು ಜೇವರ್ಗಿಯ ಮೋಟಾರೊಂದಕ್ಕೆ ಜೋಡಿಸಿ ಬಂದಿದ್ದ. ಇನ್ನೊಂದನ್ನು ಈ ಮೋಟಾರಿಗೆ ಜೋಡಿಸುತ್ತಿದ್ದ.

ಬ್ಯಾಟರಿಯಿಂದ ನೇರ ಒಂದು ದಪ್ಪ ತಂತಿ ಎಳೆದು, “ಇನ್ನೊಂದು ತಂತಿ ಗಾಡಿ ಕಬ್ಬಿಣಕ್ಕ ಕಟ್ಟಬೇಕು. ಗಟ್ಟಿ ಜಾಗ ಎಲ್ಲಿ ಅದ?” ಎಂದ.

“ಇದಕ್ಕಿಂತ ಗಟ್ಟಿ ಜಾಗ ಇಲ್ರಿ ಸಾಹೇಬ್ರ,” ಎಂದು ಅಂಬಾರಾಯ ಭಕ್ತಿಯಿಂದ ತನ್ನ ಬೋಲ್ಟಿಗೇ, ಸಿಂಧೂರದ ಮೇಲೆಯೇ ತಂತಿ ಸುತ್ತಿದ. ದೇವರ ಬಲವೂ ಸೇರಲಿ ಎಂಬುದು ಅವನ ಲೆಕ್ಕ.

ಅಷ್ಟರಲ್ಲಿ ಮೇಲಿನ ಊರಿನ ಕುದುರೆ ಸವಾರನೊಬ್ಬ ಸುದ್ದಿ ತಂದ: ಮೇಲಿಂದ ಆಳೆತ್ತರ ನೀರು ಬರುತ್ತಿದೆ, ಸಂಜೆಗೆ ಜೇವರ್ಗಿ ಕಡೆಯ ದಂಡೆಯ ಊರುಗಳು ಮುಳುಗುತ್ತವೆ. ಅಂಬಾರಾಯನ ತಂಗಿ ಗಂಗುಬಾಯಿ, ಆಕೆಯ ಇಬ್ಬರು ಮಕ್ಕಳು, ಅದೇ ದಂಡೆಯ ಮಣ್ಣಿನ ಮನೆಯಲ್ಲಿದ್ದರು.

ಬುರಾನುದ್ದೀನ ಕೀಲಿ ತಿರುಗಿಸಿದ. ಪೆಟ್ಟಿಗೆ ಗರಗರ ಎಂದು, “ಜೇವರ್ಗಿಯಿಂದ ಮಾತಾಡಾಕತ್ತೇನಿ, ಹೇಳ್ರಿ,” ಎಂದಿತು. ಕಂಬವಿಲ್ಲ, ತಂತಿಯಿಲ್ಲ, ಅಷ್ಟು ದೂರದ ಮನುಷ್ಯ ಮಗ್ಗುಲಲ್ಲೇ ಕೂತಂತಿದ್ದ. ಅಂಬಾರಾಯನ ಮೈ ಜುಮ್ಮೆಂದಿತು.

ಬುರಾನುದ್ದೀನ ಮಾತಾಡಲು ಕೈಹಿಡಿಕೆಯ ಗುಂಡಿ ಒತ್ತಿದ. ಪೆಟ್ಟಿಗೆಯ ಮೇಲಿನ ದೀಪ ಮಂಕಾಗಿ ಅದು ಸುಮ್ಮನಾಯಿತು. ಬಿಟ್ಟರೆ ಜೀವ ಬರುತ್ತದೆ, ಒತ್ತಿದರೆ ಹೋಗುತ್ತದೆ.

“ಕೇಳಾಕ ಚಿಟಿಕಿ ಕರೆಂಟ್ ಸಾಕು, ಮಾತಾಡಾಕ ಬೊಗಸಿ ಬೇಕು. ಎಲ್ಲೋ ತಡೀಲಿಕತ್ತದ,” ಎನ್ನುತ್ತ ಅವನು ತಂತಿ ಹಿಡಿದು ಬೋಲ್ಟಿನ ತನಕ ಬಂದ. ಅಲ್ಲಿ ಅವನ ಬೆರಳು ನಿಂತಿತು. “ಅಂಬಾರಾಯ, ಎಣ್ಣಿ ಸಿಂಧೂರದಾಗ ಬೊಗಸಿ ಕರೆಂಟ್ ಹಾಯಂಗಿಲ್ಲಪ್ಪ. ಕೆರೀಬೇಕು. ನಿನ್ನ ದೇವರು, ನಾ ಕೈ ಹಚ್ಚಂಗಿಲ್ಲ.”

ಅಂಬಾರಾಯ ಸೊಂಟದ ಚಾಕು ತೆಗೆದ. ಎಂಟು ವರ್ಷ ಕಾಯ್ದ ದೇವರಿಗೆ ಚಾಕು ಹಾಕುವುದೇ? ತಂಗಿಯ ಹೊಸಿಲು ಕಣ್ಣಿಗೆ ಕಟ್ಟಿತು. “ತಪ್ಪಾತು ನಮ್ಮಪ್ಪಾ,” ಎಂದವನೇ ಕೆರೆಯತೊಡಗಿದ. ಚಾಕು ನಿಲ್ಲಲಿಲ್ಲ. ಕೆಂಪೆಲ್ಲ ಉದುರಿ ಬಿಳಿ ಕಬ್ಬಿಣ ಮಿಂಚಿತು. ತಂತಿ ಸುತ್ತಿ ನಟ್ಟು ಬಿಗಿದ.

ಈ ಸಲ ಗುಂಡಿ ಒತ್ತಿದರೂ ದೀಪ ಅಲುಗಲಿಲ್ಲ. ಅಂಬಾರಾಯನ ಮೋಟಾರಿನಿಂದ ಎಂದೇ ಸುದ್ದಿ ಹೋಯಿತು.

ಸಂಜೆಯ ತನಕ ಅಂಬಾರಾಯ ನೀರು ಕೂಡ ಕುಡಿಯಲಿಲ್ಲ. ಕೊನೆಗೆ ಪೆಟ್ಟಿಗೆ ಗರಗರ ಎಂದಿತು. “ಮಂದಿಯೆಲ್ಲ ದಿಬ್ಬ ಏರ್ಯಾರ್ರಿ. ಒಬ್ಬಾಕಿ ಅಣ್ಣನ ಕೂಡ ಮಾತಾಡೇ ಹೋಗ್ತೇನಂತ ಹಟ ಹಿಡದಾಳ.” ಆಮೇಲೆ ಏದುಸಿರಿನ ಹೆಣ್ಣುದನಿ: “ಅಣ್ಣಾ, ಮನಿ ಹೋತೋ. ಹುಡುಗರು ನನ್ನ ಸೆರಗಿನಾಗೇ ಅದಾವ. ನೀ ಎಲ್ಲಿದ್ದಿ?”

ಬುರಾನುದ್ದೀನ ಹಿಡಿಕೆಯನ್ನು ಅಂಬಾರಾಯನ ಕೈಗಿತ್ತ. ಅವನು ಗುಂಡಿ ಒತ್ತಲಿಲ್ಲ. ಕೆಳಗಿಳಿದು, ಕೆಸರಿನಲ್ಲಿ ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲಿ ಮತ್ತೆ ಗಾಡಿ ಏರಿ ಎರಡೂ ಕೈಯಿಂದ ಒತ್ತಿದ.

“ಇಲ್ಲೇ ಇದ್ದೇನವಾ,” ಎಂದ.