ಭಾರದ ಕೈ

"ಒಣಬಟ್ಟೆ ಹಾಕ್ಬೇಡ್ವೋ!"

ಮೈದುನನ ಕೈಯಲ್ಲಿದ್ದ ಟವೆಲು ಕಾರಿಗೆ ಇನ್ನೇನು ತಾಗಬೇಕು, ಅಷ್ಟರಲ್ಲಿ ಗಂಡನ ಹೆಣದ ಪಕ್ಕ ಕೂತಿದ್ದ ಆಕೆ ದಡಬಡಿಸಿ ಎದ್ದು ಬಂದಳು. ಬೆಳಗಿನಿಂದ ತುಟಿ ಬಿಚ್ಚದವಳು ಹಾಗೆ ಕೂಗಿದ್ದಕ್ಕೆ ಅಂಗಳದಲ್ಲಿ ಅಳುತ್ತಿದ್ದವರೂ ಅಳು ಮರೆತರು.

"ತೆಳ್ಳಗೆ ಧೂಳು ಕೂತಿದೆ, ಅಷ್ಟೇ ಅತ್ತಿಗೆ. ಅಣ್ಣನ ವ್ಯಾನಿನ ಹಿಂದೆ ಹೋಗೋ ಕಾರು, ಹೀಗಿದ್ರೆ ಚೆನ್ನಾಗಿರಲ್ಲ ಅಂತ..."

"ಆ ಧೂಳಲ್ಲಿ ಮರಳಿರತ್ತೆ. ಒಣಗಿದ್ದಾಗ್ಲೇ ಉಜ್ಜಿದ್ರೆ ಬಣ್ಣ ಗೀರಿ ಹೋಗತ್ತೆ. ಇಷ್ಟು ವರ್ಷ ಒಂದು ಗೀರು ಬೀಳದ ಹಾಗೆ ಕಾದಿದ್ದಾರೆ. ಇವತ್ತು ಬಿದ್ರೆ ನಾನು ಅವರ ಮುಖ ಹ್ಯಾಗೋ ನೋಡ್ಲಿ?"

"ಅಣ್ಣ ಕಣ್ಮುಚ್ಚಿದ್ರೂ ನಮಗೆ ಪಾಠ ತಪ್ಪಲಿಲ್ಲ," ಎಂದು ಮೈದುನ ಪಕ್ಕದ ಮನೆಯವರಿಗೆ ಪಿಸುಗುಟ್ಟಿದ.

ಆಕೆ ತಾನೇ ಪೈಪು ಹಿಡಿದಳು. ಈ ಕಾರನ್ನು ಒರೆಸಲು ಗಂಡ ಆಕೆಯನ್ನು ಎಂದೂ ಬಿಟ್ಟವನಲ್ಲ.

*

ಅವನು ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುತ್ತಿದ್ದವನು. ಊರಿಗೆಲ್ಲ ಗೀರಪ್ಪ. ಯಾರಾದರೂ ಅಂಗಿಯ ಚುಂಗಿನಿಂದ ಕನ್ನಡಕ ಒರೆಸುವುದು ಕಂಡರೆ ರಸ್ತೆ ದಾಟಿ ಬಂದು ಬೈಯುತ್ತಿದ್ದ. ಕೆಲಸ ಬಿಟ್ಟ ವರ್ಷ ಯಾರೋ ಓಡಿಸಿ ಮಾರಿದ್ದ ಈ ಕರಿ ಕಾರು ತಂದ. ಆಕೆ ಅದನ್ನು ಸವತಿ ಎಂದು ಕರೆದಳು.

"ಕೊಡಿ, ಒಂದಿನ ನಾನೂ ಒರೆಸ್ತೀನಿ."

"ಬೇಡ ಕಣೇ. ನಿಂದು ಪಾತ್ರೆ ತಿಕ್ಕೋ ಕೈ. ಭಾರ."

"ಹೂಂ, ಆ ಭಾರದ ಕೈಯಲ್ಲಿ ಬಡಿಸಿದ್ದು ಮಾತ್ರ ಹಗುರಾಗಿ ಇಳಿಯತ್ತೆ!"

ಒಂದು ಸಂಜೆ ಗಾಳಿ ಬೀಸಿ ಆಕೆಯ ಕಣ್ಣಿಗೆ ಧೂಳು ಬಿತ್ತು. ಉಜ್ಜಿಕೊಳ್ಳಲು ಕೈ ಎತ್ತಿದ್ದಷ್ಟೇ. ಅವನು ಮಣಿಕಟ್ಟು ಹಿಡಿದುಕೊಂಡ. ಬೊಗಸೆಯಲ್ಲಿ ನೀರು ತಂದು ಕಣ್ಣು ಮಿಟುಕಿಸು ಎಂದ. ಆಮೇಲೆ ಒದ್ದೆ ಬಟ್ಟೆಯ ತುದಿಯಿಂದ ರೆಪ್ಪೆಯನ್ನು ಮುಟ್ಟಿಯೂ ಮುಟ್ಟದಂತೆ ಒರೆಸಿದ.

"ಗೀರು ಬಿದ್ರೆ ಇದಕ್ಕೆ ಬದಲಿ ಗಾಜು ನಮ್ಮಂಗ್ಡೀಲಿ ಸಿಗಲ್ಲ," ಎಂದು ಗೊಣಗಿದ.

ಅದಕ್ಕಿಂತ ಸಿಹಿಯಾದ ಮಾತು ಅವನ ಬಾಯಿಂದ ಆಕೆ ಕೇಳಿರಲಿಲ್ಲ.

*

ಧೂಳು ನೀರಿನ ಜೊತೆ ತಾನಾಗಿ ಇಳಿಯಿತು. ಮೆತ್ತನೆಯ ಬಟ್ಟೆ ನೆನೆಸಿ, ಒತ್ತದೆ, ದುಂಡಗೆ ಉಜ್ಜದೆ, ಉದ್ದಕ್ಕೆ ಎಳೆದಳು. ಕೊಳೆಯಾದ ಮಗ್ಗುಲು ಮಡಚಿ ಹೊಸ ಮಗ್ಗುಲು ತೆಗೆದಳು. ಅಡುಗೆಮನೆಯ ಕಿಟಕಿಯಿಂದ ನೋಡಿ ಕಲಿತ ವಿದ್ಯೆ. ಮೈದುನ ಬಗ್ಗಿ, ಒಂದು ಕಣ್ಣು ಮುಚ್ಚಿ, ಬಾನೆಟ್ಟನ್ನು ಪರೀಕ್ಷಿಸಿದ.

"ಒಂದೂ ಇಲ್ಲ ಅತ್ತಿಗೆ! ಅಣ್ಣ ನೋಡಿದ್ರೆ ಹೊಟ್ಟೆ ಉರ್ಕೋತಿದ್ದ."

ಆಕೆಗೆ ನಗು ಬಂತು. ಸಾವಿನ ಮನೆಯೆಂದು ನೆನಪಾಗಿ ನುಂಗಿಕೊಂಡಳು.

ಹೆಣವನ್ನು ಅಂಗಳಕ್ಕೆ ತಂದು ಇಳಿಸಿದರು. ವ್ಯಾನು ಬಂತು. ಡ್ರೈವರು ಸುಮ್ಮನೆ ನಿಲ್ಲಿಸಬಾರದೆ? ಗರ್ರನೆ ಹಿಂದಕ್ಕೆ ತಿರುಗಿಸಿ ಬೀದಿಯ ಮಣ್ಣನ್ನೆಲ್ಲ ಎಬ್ಬಿಸಿದ. ಒರೆಸಿಟ್ಟ ಕಾರಿನ ಮೇಲೆ ಮತ್ತೆ ಧೂಳು.

"ಅಯ್ಯಯ್ಯೋ, ಕಾರು!" ಎಂದರು ಎಲ್ಲರೂ.

ಆಕೆ ಕಾರಿನ ಕಡೆ ತಿರುಗಲಿಲ್ಲ. ಗಂಡನ ಮುಖದ ಮೇಲೂ ತೆಳ್ಳಗೆ ಧೂಳು ಕೂತಿತ್ತು. ಡ್ರೈವರು ತಪ್ಪು ಮಾಡಿದವನಂತೆ ಇಳಿದು ಬಂದು, ಹೆಗಲ ಮೇಲಿನ ಟವೆಲು ಎಳೆದು ಆ ಮುಖದತ್ತ ಬಗ್ಗಿದ.

"ಒಣಬಟ್ಟೆ ಹಾಕ್ಬೇಡ್ರೀ!" ಎಂದು ಕೂಗಿದವನು ಈ ಸಲ ಮೈದುನ. ಓಡಿಹೋಗಿ ಬಕೆಟ್ಟಿನಲ್ಲಿ ಹೊಸ ನೀರು, ಅಣ್ಣ ಕಾರಿನ ಬಟ್ಟೆ ಇಡುತ್ತಿದ್ದ ಪೆಟ್ಟಿಗೆಯಿಂದ ಮಡಿಕೆ ಬಿಚ್ಚದ ಹೊಸ ಬಟ್ಟೆ ತಂದುಕೊಟ್ಟ.

ಆಕೆ ಬಟ್ಟೆ ನೆನೆಸಿ ಹಿಂಡಿದಳು. ಹಣೆಯಿಂದ ಗಲ್ಲದವರೆಗೆ ಒಂದೇ ಎಳೆತ, ಮುಟ್ಟಿಯೂ ಮುಟ್ಟದಂತೆ. ಬಟ್ಟೆ ನೋಡಿಕೊಂಡಳು. ಮಗ್ಗುಲು ಮಡಚಿ ಇನ್ನೊಂದು ಕೆನ್ನೆಗೆ ಬಂದಳು.

ಸುತ್ತ ನಿಂತವರ ಕಣ್ಣುಗಳು ತುಂಬಿ ಬಂದಿದ್ದವು. ಕನ್ನಡಕದವರೆಲ್ಲ ಕನ್ನಡಕ ತೆಗೆದಿದ್ದರು. ಅಂಗಿಯ ಚುಂಗು ಹಿಡಿದ ಕೈಗಳೆಲ್ಲ ಅಲ್ಲಲ್ಲೇ ನಿಂತಿದ್ದವು. ಒರೆಸುವ ಧೈರ್ಯ ಯಾರಿಗೂ ಇರಲಿಲ್ಲ.