ಓರಗಿತ್ತಿ ಹೋದ ಆಸ್ಪತ್ರೆ

ಕಾಯಿಲೆಗೂ ಹೊಟ್ಟೆಕಿಚ್ಚು ಪಡುವವರನ್ನು ನೀವು ನೋಡಿದ್ದೀರಾ? ಇಲ್ಲವಾದರೆ ನಮ್ಮ ಬೀದಿಯ ಕೆಳಮನೆಯ ದೊಡ್ಡವಳನ್ನು ನೋಡಬೇಕಿತ್ತು. ಮೇಲಿನ ಮನೆಯಲ್ಲಿರುವುದು ಅವಳ ಓರಗಿತ್ತಿ, ಮೈದುನನ ಹೆಂಡತಿ. ಎಲ್ಲರ ಬಾಯಲ್ಲೂ ಅವಳು ಚಿಕ್ಕವಳು. ಈ ಚಿಕ್ಕವಳು ಅಪೆಂಡಿಕ್ಸ್ ಆಪರೇಷನ್ ಮಾಡಿಸಿಕೊಂಡು ದೊಡ್ಡ ಆಸ್ಪತ್ರೆಯಿಂದ ಮನೆಗೆ ಬಂದಿದ್ದೇ ತಡ, ದೊಡ್ಡವಳ ನೆಮ್ಮದಿ ಹಾರಿಹೋಯಿತು.

ನೋಡಲು ಬಂದವರ ಮುಂದೆಲ್ಲ ಚಿಕ್ಕವಳದು ಅದೇ ವರ್ಣನೆ. ಗುಂಡಿ ಒತ್ತಿದರೆ ತಲೆ ಎತ್ತುವ ಮಂಚವಂತೆ. ಕಿಟಕಿಯಿಂದ ಇಡೀ ಊರು ಕಾಣುತ್ತದಂತೆ. ಡಾಕ್ಟರು ಇವಳನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದರಂತೆ. ದೊಡ್ಡವಳು ಮೆಟ್ಟಿಲ ಕೆಳಗೆ ಬಟ್ಟೆ ಮಡಿಸುತ್ತಾ ಒಂದು ಮಾತನ್ನೂ ಬಿಡದೆ ಕೇಳಿಸಿಕೊಳ್ಳುತ್ತಿದ್ದಳು. ಅವಳ ಎರಡು ಹೆರಿಗೆಯೂ ಆದದ್ದು ಗೋಡೆಯ ಸುಣ್ಣ ಉದುರುವ ವಾರ್ಡಿನಲ್ಲಿ. ಹೊಟ್ಟೆ ಉರಿಯದೆ ಇರುತ್ತದೆಯೇ?

"ನಮಗೂ ಒಂದು ಕಾಲ ಬರುತ್ತೆ ಬಿಡ್ರೀ," ಎಂದು ಗಂಡನ ಹತ್ತಿರ ಗೊಣಗಿದಳು.

"ಯಾವುದಕ್ಕೆ? ಆಪರೇಷನ್ನಿಗಾ?" ಎಂದ ಗಂಡ. ಅವನು ಬಡಗಿ. ಮಾತು ಕಡಿಮೆ, ಆಡಿದರೆ ಮೊಳೆ ಹೊಡೆದ ಹಾಗೆ.

ಆ ಕಾಲ ಬಂದೇಬಿಟ್ಟಿತು. ಒಂದು ಮಧ್ಯಾಹ್ನ ಹಿತ್ತಲಿನಲ್ಲಿ ಹಳೇ ಕಿಟಕಿಯೊಂದರ ಚೌಕಟ್ಟು ಬಿಚ್ಚುತ್ತಿದ್ದ ಬಡಗಿಯ ಕುತ್ತಿಗೆಗೆ ಕಣಜದ ಹುಳಗಳು ಕಡಿದವು. ಮೊದಲು ಅವನು ಕೊಡವಿಕೊಂಡು ನಕ್ಕ. ಸ್ವಲ್ಪ ಹೊತ್ತಿಗೆ ಮೈತುಂಬ ದದ್ದು ಎದ್ದಿತು, ತುಟಿ ಊದಿತು, ದನಿ ಗೊಗ್ಗರಾಯಿತು. "ಗಂಟಲು ಬಿಗೀತಿದೆ ಕಣೇ," ಎಂದು ಕುಸಿದು ಕೂತ.

ಎದುರುಮನೆಯ ಡ್ರೈವರ್ ಕಾರು ತಂದ. ದೊಡ್ಡವಳು ಗಂಡನ ಜೊತೆ ಹಿಂದೆ ಕೂತಳು. ಚಿಕ್ಕವಳು ಮೇಲಿನಿಂದ ಬರಿಗಾಲಲ್ಲೇ ಓಡಿ ಬಂದು ಮುಂದೆ ಹತ್ತಿದಳು.

"ದೊಡ್ಡ ಆಸ್ಪತ್ರೆಗೆ ನಡಿಯಪ್ಪ," ಎಂದಳು ದೊಡ್ಡವಳು.

"ಬೇಡ ಅಕ್ಕಾ. ಇಲ್ಲೇ ತಿರುವಿನಲ್ಲಿರೋ ತುರ್ತು ಚಿಕಿತ್ಸಾ ಕೇಂದ್ರಕ್ಕೆ ಹೋಗೋಣ," ಎಂದಳು ಚಿಕ್ಕವಳು.

ದೊಡ್ಡವಳ ಕಣ್ಣು ಕೆಂಪಗಾಯಿತು. ಆ ಜಾಗದಲ್ಲಿ ಹೋದ ವರ್ಷದವರೆಗೂ ಕುರ್ಚಿ ಅಂಗಡಿ ಇತ್ತು. ಅದರ ಕಪಾಟುಗಳನ್ನು ಮಾಡಿಕೊಟ್ಟಿದ್ದವನೇ ಅವಳ ಗಂಡ.

"ಕುರ್ಚಿ ಮಾರ್ತಿದ್ದ ಜಾಗಕ್ಕಾ? ನಿನಗಾದ್ರೆ ದೊಡ್ಡ ಆಸ್ಪತ್ರೆ, ನನ್ನ ಗಂಡನಿಗೆ ಮೂಲೆ ಅಂಗಡಿ. ನಾವೇನು ಬಿಟ್ಟಿ ಬಿದ್ದಿದ್ದೀವಾ?"

"ಅಲ್ಲಿ ಹಗಲೂ ರಾತ್ರಿ ಡಾಕ್ಟರಿರ್ತಾರೆ. ಆಕ್ಸಿಜನ್ ಇದೆ, ಇಂಜೆಕ್ಷನ್ ಇದೆ."

"ನಿನಗೆ ಹೇಗೆ ಗೊತ್ತು?"

ಚಿಕ್ಕವಳು ಹಿಂದೆ ತಿರುಗಲಿಲ್ಲ. "ನನ್ನನ್ನೂ ಮೊದಲು ಕರ್ಕೊಂಡು ಹೋಗಿದ್ದು ಅಲ್ಲಿಗೇ. ಅವರೇ ಸ್ಕ್ಯಾನ್ ಮಾಡಿ, ಡ್ರಿಪ್ ಹಾಕಿ, ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ ಆಂಬುಲೆನ್ಸಲ್ಲಿ ಕಳಿಸಿದ್ರು."

"ಮತ್ತೆ ಇಷ್ಟು ದಿನ ಅದನ್ನ ಬಾಯೇ ಬಿಡಲಿಲ್ಲ?"

"ಕುರ್ಚಿ ಅಂಗಡಿಗೆ ಹೋಗಿದ್ದೆ ಅಂದ್ರೆ ನೀವು ನಗ್ತಿದ್ರಿ. ಅಡುಗೆ ಅಂದ್ರೆ ನೀವು, ಹೊಲಿಗೆ ಅಂದ್ರೆ ನೀವು, ಅತ್ತೆಗೂ ಎಲ್ಲದಕ್ಕೂ ನೀವೇ ಬೇಕಿತ್ತು. ನಂಗೂ ಹೊಟ್ಟೆಕಿಚ್ಚು ಅಕ್ಕಾ. ಒಂದು ಸಲನಾದ್ರೂ ನೀವು ನನ್ನ ನೋಡಿ ಕರುಬಬೇಕು ಅನ್ನಿಸ್ತು."

ಬಡಗಿಯ ಎದೆಯಿಂದ ಸುಂಯ್ ಎಂಬ ಸದ್ದು ಬರತೊಡಗಿತು. ಮಾತಾಡಲಾಗದೆ ಅವನು ಹೆಂಡತಿಯ ಕೈ ಹಿಡಿದ. ಅವನ ಕೈ ತಣ್ಣಗಿತ್ತು. ದೊಡ್ಡ ಆಸ್ಪತ್ರೆ ಸೇತುವೆಯಾಚೆ, ಊರಿನ ಇನ್ನೊಂದು ತುದಿಯಲ್ಲಿತ್ತು.

"ತಿರುವಿಗೇ ನಡಿಯಪ್ಪ, ಬೇಗ," ಎಂದಳು.

ಕೇಂದ್ರದೊಳಗೆ ಕಾಲು ಉಳುಕಿಸಿಕೊಂಡ ಒಬ್ಬರು ಕಾಯುತ್ತಿದ್ದರು. ನರ್ಸ್ ಬಡಗಿಯ ಮುಖ ನೋಡಿದವಳೇ ಅವನನ್ನು ನೇರ ಒಳಗೆ ಕರೆದೊಯ್ದಳು.

"ನಾನು ಮೊದಲು ಬಂದಿದ್ದು," ಎಂದು ಅವರು ಮುಖ ಸಿಂಡರಿಸಿದರು.

"ನಿಮ್ಮ ಕಾಲು ಕಾಯುತ್ತೆ ಸ್ವಾಮಿ, ಇವರ ಉಸಿರು ಕಾಯಲ್ಲ," ಎಂದಳು ನರ್ಸ್.

ತೊಡೆಗೆ ಇಂಜೆಕ್ಷನ್ ಬಿತ್ತು, ಮೂಗಿಗೆ ಆಕ್ಸಿಜನ್ ಬಂತು. ನಿಧಾನಕ್ಕೆ ಆ ಸುಂಯ್ ಸದ್ದು ಇಳಿಯಿತು. ದೊಡ್ಡವಳು ಅಲ್ಲಿಯವರೆಗೆ ತಾನೂ ಉಸಿರು ಹಿಡಿದುಕೊಂಡೇ ನಿಂತಿದ್ದಳು.

"ಸೇತುವೆ ದಾಟಿ ಹೋಗಿದ್ರೆ ದಾರಿಯಲ್ಲೇ ಗಂಟಲು ಪೂರ್ತಿ ಕಟ್ಟಿಹೋಗ್ತಿತ್ತೇನೋ," ಎಂದರು ಡಾಕ್ಟರಮ್ಮ. "ಮತ್ತೆ ಊದಿಕೊಳ್ಳಬಹುದು, ಇನ್ನೂ ಕೆಲವು ಗಂಟೆ ಇಲ್ಲೇ ಇರಲಿ."

"ದೊಡ್ಡ ಆಸ್ಪತ್ರೆಗೆ ಕಳಿಸಲ್ವಾ?" ದೊಡ್ಡವಳು ಕೇಳಿಯೇಬಿಟ್ಟಳು.

"ಆಪರೇಷನ್ ಬೇಕಾದ್ರೆ, ಅಡ್ಮಿಟ್ ಮಾಡಬೇಕಾದ್ರೆ ನಾವೇ ಕಳಿಸ್ತೀವಮ್ಮ. ಈಗ ನೋಡಿದ್ರೆ ಇವರಿಗೆ ಅದರ ಅಗತ್ಯ ಕಾಣ್ತಿಲ್ಲ. ಅದಕ್ಕೆ ಸಂತೋಷಪಡಿ."

ಹೊರಗೆ ಬೆಂಚಿನ ಮೇಲೆ ಇಬ್ಬರೂ ಕೂತರು. ದೊಡ್ಡವಳೇ ಮೊದಲು ಬಾಯಿ ತೆರೆದಳು.

"ನಿನ್ನ ಜಂಬಕ್ಕೆ ನನ್ನ ಗಂಡ ಹೋಗಿಬಿಡ್ತಿದ್ದ."

"ನಿಮ್ಮ ಹೊಟ್ಟೆಕಿಚ್ಚಿಗೂ," ಎಂದಳು ಚಿಕ್ಕವಳು.

"ಹೂಂ ಕಣೇ," ಎಂದು ದೊಡ್ಡವಳು ಅಳತೊಡಗಿದಳು. ಚಿಕ್ಕವಳೂ ಅತ್ತಳು.

ಈಗ ಆ ಮನೆಯವರೆಲ್ಲರ ಫೋನಿನಲ್ಲೂ ಕೇಂದ್ರದ ನಂಬರಿದೆ. ಬೀದಿಯವರಿಗೆ ಅದರ ವಿಷಯ ಹೇಳುವುದರಲ್ಲೂ ಓರಗಿತ್ತಿಯರಿಬ್ಬರಿಗೆ ಪೈಪೋಟಿ. ಆಗಲಿ ಬಿಡಿ, ಅಂಥ ಪೈಪೋಟಿಯಿಂದ ಯಾರಿಗೂ ನಷ್ಟವಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಉಸಿರು ಕಟ್ಟಿದರೆ, ಎದೆ ಹಿಂಡಿದರೆ, ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ರಕ್ತ ನಿಲ್ಲದಿದ್ದರೆ ಕೂಡಲೇ ಆಂಬುಲೆನ್ಸಿಗೆ ಫೋನ್ ಮಾಡಿ. ಅದು ಬರುವುದು ತಡವಾಗುವುದಾದರೆ ಹತ್ತಿರದ ತುರ್ತು ಚಿಕಿತ್ಸೆಯ ಜಾಗಕ್ಕೆ ಹೋಗಿ. ಕಟ್ಟಡಕ್ಕೆ ಎಷ್ಟು ಅಂತಸ್ತು ಎಂದು ನೋಡುತ್ತಾ ಕೂರಬೇಡಿ. ಆದರೆ ಎಲ್ಲ ಕ್ಲಿನಿಕ್ಕುಗಳೂ ತುರ್ತು ಕೇಂದ್ರಗಳಲ್ಲ. ನಿಮ್ಮ ಬಡಾವಣೆಯಲ್ಲಿ ಹಗಲೂ ರಾತ್ರಿ ತೆರೆದಿರುವುದು ಯಾವುದು ಎಂದು ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ. ಮತ್ತೆ, ಆಸ್ಪತ್ರೆಗೆ ಹೋಗಿ ಬಂದ ಮೇಲೆ ಎಷ್ಟು ಬೇಕಾದರೂ ಜಂಬ ಕೊಚ್ಚಿಕೊಳ್ಳಿ, ಯಾರೂ ಬೇಡ ಎನ್ನುವುದಿಲ್ಲ. ಮೊದಲು ನಿಮ್ಮ ಜೀವ ಉಳಿಸಿದ್ದು ಯಾವ ಬಾಗಿಲು ಎಂಬುದನ್ನು ಮಾತ್ರ ಪಕ್ಕದ ಮನೆಯವರಿಂದ ಮುಚ್ಚಿಡಬೇಡಿ.