ಸಾಹೇಬರು ಬರುವ ಮುಂಚೆ ಎದ್ದ ಸೂರು

ಎರಡು ದಿನ ಪೇಟೆಯಲ್ಲಿದ್ದು ಮರಳಿದ ವರ್ನಿಸ್ ದಾದಿ ತನ್ನ ಆಸ್ಪತ್ರೆ ಕಂಡೊಡನೆ ನಿಂತಲ್ಲೇ ನಿಂತಳು. ಚಂಡಮಾರುತ ಹೊತ್ತೊಯ್ದಿದ್ದ ಸೂರು ಮತ್ತೆ ಮೇಲೇರಿ ಕೂತಿತ್ತು, ಬಿಳಿ ಬಣ್ಣ ಬಳಿದುಕೊಂಡು.

"ಹೆಂಗಿದೆ ಮಗಳೇ?" ದೋಣಿ ಕಟ್ಟುವ ಆಲ್ಫರ್ಡ್ ಮಾಮ ಏಣಿಯಿಂದಿಳಿದ.

ಬ್ರಿಟನ್ನಿನ ಆಳ್ವಿಕೆಗೆ ಸೇರಿದ ಪುಟ್ಟ ದ್ವೀಪ ಆಂಗ್ವಿಲಾದಲ್ಲಿ ಒಂದು ಮನೆ ಏಳಬೇಕೆಂದರೆ ಊರೆಲ್ಲ ಸುತ್ತಿಗೆ ಹಿಡಿಯುತ್ತದೆ, ಅಂಗಳದಲ್ಲಿ ತೊಗರಿಕಾಳಿನ ಅನ್ನ ಬೇಯುತ್ತದೆ. ಈ ಸಲವೂ ಹಾಗೇ ಆಗಿತ್ತು.

"ಯಾಕೆ ಮಾಮ? ನೆರವಿನ ಹಣ ಕೊಡೋ ಸಾಹೇಬ್ರು ನಾಳೆ ಬರ್ತಿರೋದೇ ಸೂರಿಲ್ಲ ಅಂತ ನೋಡೋಕೆ!"

"ಬಂದ ನೆಂಟರಿಗೆ ಹರಕು ಚಾಪೆ ಹಾಸ್ತೀವಾ?" ಒಲೆಯ ಬಳಿಯಿಂದ ಇಸೆಲ್ಮಾ ಅತ್ತೆ ಕೂಗಿದಳು. "ನಿನ್ನ ಓದೆಲ್ಲ ಭಿಕ್ಷೆ ಬೇಡೋದಕ್ಕೇನೆ?"

ವರ್ನಿಸ್ ಒಳಗೆ ಹೋಗಿ ತಲೆಯೆತ್ತಿದಳು. ಗೋಡೆಯ ಮೇಲಿನ ಹಳೆಯ ತೊಲೆ ಉದ್ದಕ್ಕೂ ಸೀಳಿತ್ತು. ಹೊಸ ತಗಡನ್ನೆಲ್ಲ ಅದಕ್ಕೇ ಬಡಿದಿದ್ದರು. ಮುಂದಿನ ಗಾಳಿಗೆ ಅದು ಬಾಣಂತಿಯರ ಮಂಚದ ಮೇಲೆಯೇ ಬೀಳುತ್ತದೆ.

ಮರುದಿನ ಲಂಡನ್ನಿನಿಂದ ಬಂದ ಪೆಲಮ್ ಸಾಹೇಬ ಮೆತ್ತನೆಯ ಮನುಷ್ಯ. ಎರಡು ತಟ್ಟೆ ಅನ್ನ ಉಂಡು, ಕೊಂಚ ಸಂಕೋಚದಿಂದಲೇ ಹೇಳಿದ: "ನೋಡಿ, ನೆರವಿನ ಹಣ ಬಡ ದೇಶಗಳಿಗೆ ಅಂತ ಇಟ್ಟಿದ್ದು. ನಿಮ್ಮ ತಲಾ ಆದಾಯ ಜಾಸ್ತಿ ಇದೆ."

"ಕಡಲ ದಂಡೆಯ ಆ ದೊಡ್ಡ ಹೋಟೆಲ್ಲಿನವರ ಸಂಪಾದನೇನೂ ನಮ್ಮ ತಲೆಗೆ ಹಂಚಿದ್ರಾ ಸಾರ್?" ಯಾರೋ ನಕ್ಕರು.

"ಬಾವುಟ ಮಾತ್ರ ಇವರದು, ಸೂರು ನಮ್ಮದು," ಎಂದಳು ಅತ್ತೆ.

ಸಾಹೇಬ ನಗಲಿಲ್ಲ. "ಒಂದು ವಿನಾಯ್ತಿ ಇದೆ. ಬಳಸೋಕೆ ಆಗದ ಸ್ಥಿತಿಯಲ್ಲಿರೋ ಆಸ್ಪತ್ರೆಗೆ ಕೊಡಬಹುದು. ಇದು ಗಟ್ಟಿಯಾಗಿದೆಯಲ್ಲ?"

"ನಾನು ಕಟ್ಟಿದ್ದು ಯಾವತ್ತು ಮುಳುಗಿದೆ ಸಾರ್?" ಆಲ್ಫರ್ಡ್ ಮಾಮ ಎದೆಯುಬ್ಬಿಸಿದ.

ಸಾಹೇಬ ದಾದಿಯತ್ತ ತಿರುಗಿದ. ಊರೂ ತಿರುಗಿತು. ತಂದೆ ಸತ್ತ ಮೇಲೆ ಅವಳನ್ನು ಸಾಕಿ, ಸಂಜೆ ಶಾಲೆಗೆ ಕಳಿಸಿದವನು ಆ ಮಾಮ. ಹೇಳಿದರೆ ಅವನ ಮಾನ ಹೋಗುತ್ತದೆ, ಹೇಳದಿದ್ದರೆ ಬಾಣಂತಿಯರ ತಲೆ. ತಾನು ನೋಡಿದ್ದು ನಿಜವೋ, ಭಯವೋ ಎಂದೂ ಒಮ್ಮೆ ಅನ್ನಿಸಿತು.

"ತೊಲೆ ಸೀಳಿದೆ," ಎಂದಳು.

ಸಾಹೇಬ ಒಳಗೆ ಹೋಗಿ ನೋಡಿ ಬಂದ. "ನಿಜ. ಆದ್ರೆ ರೋಗಿಗಳು ಒಳಗೇ ಮಲಗಿದಾರಲ್ಲಮ್ಮ. ಬಳಕೆಯಲ್ಲಿದೆ ಅಂತಲೇ ಬರೀಬೇಕು. ಜತೆಗೆ ನಿಮ್ಮವರೇ ಇಷ್ಟು ಮಾಡಿದಾರೆ ಅಂದ್ಮೇಲೆ, ಉಳಿದದ್ದೂ..." ಮಾತು ಮುಗಿಸದೆ ಟೋಪಿ ಹಾಕಿಕೊಂಡ.

ಹೇಳಿಯೂ ಸೋತಿದ್ದಳು. ಅಂದು ಮಾಮ ಅವಳ ಮುಖ ನೋಡಲಿಲ್ಲ. ಅತ್ತೆ ಅವಳ ತಟ್ಟೆಗೆ ಅನ್ನ ಬಡಿಸಿದಳು.

ಮರುದಿನ ಬೆಳಗ್ಗೆ ಮಾಮ ಒಂದು ಉದ್ದನೆಯ ಹೊಸ ತೊಲೆ ಹೊತ್ತು ಬಂದ. ಪಂದ್ಯದ ದೋಣಿಗೆಂದು ಎರಡು ವರ್ಷದಿಂದ ಒಣಗಿಸಿಟ್ಟಿದ್ದ ಮರ ಅದು.

"ಏಣಿ ಹಿಡಿ," ಎಂದ, ಎತ್ತಲೋ ನೋಡುತ್ತ.

ಈ ತೊಲೆಯೂ ಕೂತರೆ ಮುಂದೆ ಬರುವ ಸಾಹೇಬನಿಗೂ ಹಣ ಕೊಡಲು ಕಾರಣವೇ ಉಳಿಯುವುದಿಲ್ಲ ಎಂಬುದು ವರ್ನಿಸ್‌ಗೆ ಗೊತ್ತಿತ್ತು. ಒಳಗಿನಿಂದ ಹಸುಗೂಸಿನ ಅಳು ಕೇಳುತ್ತಿತ್ತು.

ಅವಳು ಏಣಿ ಹಿಡಿದಳು.